ನೆರಳಿನ ಹಕ್ಕು: ಕರಾವಳಿಯ ಕುಟುಂಬಗಳು ಮತ್ತು ಚರ್ಮದ ಆರೋಗ್ಯ



ಬಿಸಿಲಿನ ಬಗ್ಗೆ ನಾವು ಎರಡೇ ಬಗೆಯಲ್ಲಿ ಮಾತಾಡುತ್ತೇವೆ. ಒಂದು ಸೆಖೆಯ ಮಾತು, ಇನ್ನೊಂದು ಮೈಬಣ್ಣದ ಮಾತು. ಸೆಖೆ ಎಲ್ಲರ ದೂರು. ಬಣ್ಣದ ಮಾತು ಮಾತ್ರ ಹೆಚ್ಚಾಗಿ ಹೆಣ್ಣುಮಕ್ಕಳ ಪಾಲಿಗೆ: ಬಿಸಿಲಿಗೆ ಹೋದರೆ ಕಪ್ಪಾಗುತ್ತಿ ಎಂಬ ಎಚ್ಚರಿಕೆಯನ್ನು ಕೇಳದೆ ಬೆಳೆದ ಹುಡುಗಿ ನಮ್ಮಲ್ಲಿ ವಿರಳ. ಈ ಎರಡರ ನಡುವೆ ಮೂರನೆಯ ಮಾತೊಂದು ಉಳಿದುಹೋಗಿದೆ. ವರ್ಷಗಟ್ಟಲೆ ಬಿಸಿಲಿಗೆ ಒಡ್ಡಿಕೊಂಡ ಚರ್ಮಕ್ಕೆ, ತುಟಿಗೆ, ಕಣ್ಣಿಗೆ ಏನಾಗುತ್ತದೆ? ಅದರಿಂದ ಮನೆಯವರನ್ನು ಕಾಯುವುದು ಹೇಗೆ? ಈ ಉಪನ್ಯಾಸದ ವಿಷಯ ಅದು.

ನಿಮ್ಮ ಮುಂದೆ ಮೂರು ವಿಚಾರಗಳನ್ನು ಇಡುತ್ತೇನೆ. ಮೊದಲನೆಯದು, ನಮ್ಮ ಕಡಲತೀರದ ಬಿಸಿಲು ಬಹಳ ಪ್ರಬಲವಾದದ್ದು, ಮತ್ತು ಅದು ಮಾಡುವ ಹಾನಿ ಮೈಗೆ ಗೊತ್ತಾಗುವಂಥದ್ದಲ್ಲ. ಎರಡನೆಯದು, ನಮ್ಮ ಕಂದು ಚರ್ಮಕ್ಕೆ ಒಳ್ಳೆಯ ಸಹಜ ರಕ್ಷಣೆ ಇದೆ. ಆದರೆ ಆ ರಕ್ಷಣೆಗೆ ಮಿತಿ ಉಂಟು, ಅದು ಎಲ್ಲರಿಗೂ ಸಮನಾಗಿ ಹಂಚಿಕೆಯಾಗಿಲ್ಲ. ಈ ಎರಡರಿಂದ ಮೂರನೆಯದು ಹುಟ್ಟುತ್ತದೆ: ನಮ್ಮ ಕುಟುಂಬಗಳನ್ನು ಕಾಯುವುದು ಅಂಗಡಿಯ ಕ್ರೀಮಿಗಿಂತ ಹೆಚ್ಚಾಗಿ ವೇಳೆ, ಬಟ್ಟೆ ಮತ್ತು ನೆರಳು. ಇವುಗಳಲ್ಲಿ ಅರ್ಧ ಮನೆಯ ಕೈಯಲ್ಲಿದೆ, ಇನ್ನರ್ಧ ಊರಿನ ಮತ್ತು ಸರಕಾರದ ಕೈಯಲ್ಲಿದೆ.

1. ಈ ತೀರದ ಸೂರ್ಯ

ಕುಂದಾಪುರದ ಬಳಿಯ ನಮ್ಮ ತ್ರಾಸಿ ಸಮಭಾಜಕ ವೃತ್ತದಿಂದ ಉತ್ತರಕ್ಕೆ 14 ಡಿಗ್ರಿಗೂ ತುಸು ಕಡಿಮೆ ಅಂತರದಲ್ಲಿದೆ. ಆದ್ದರಿಂದ ವರ್ಷದಲ್ಲಿ ಎರಡು ಸಲ ಸೂರ್ಯ ನಮ್ಮ ನೆತ್ತಿಯ ನೇರಕ್ಕೆ ಬರುತ್ತಾನೆ. ಮೊದಲ ಸಲ ಏಪ್ರಿಲ್ ಕೊನೆಯ ವಾರದಲ್ಲಿ, ಮತ್ತೆ ಆಗಸ್ಟ್ ನಡುವಿನಲ್ಲಿ. ಆ ದಿನಗಳ ನಡುಹಗಲಿನಲ್ಲಿ ನೆಟ್ಟಗೆ ನಿಂತ ಕಂಬದ ನೆರಳು ಬುಡದಲ್ಲೇ ಅಡಗಿಬಿಡುತ್ತದೆ. ಸೂರ್ಯ ಎತ್ತರದಲ್ಲಿದ್ದಷ್ಟೂ ಅವನ ಕಿರಣಗಳು ವಾತಾವರಣದಲ್ಲಿ ಹಾದು ಬರುವ ದಾರಿ ಚಿಕ್ಕದು, ಸೋಸಿಹೋಗುವ ಅತಿನೇರಳೆ ಕಿರಣಗಳ ಪಾಲು ಕಡಿಮೆ. ಉಷ್ಣವಲಯದ ಮೇಲಿನ ಓಜೋನ್ ಪದರವೂ ಉತ್ತರದ ದೇಶಗಳ ಮೇಲಿನದಕ್ಕಿಂತ ಸ್ವಭಾವತಃ ತೆಳು. ಈ ಎರಡು ಕಾರಣಗಳಿಂದ ನಮ್ಮ ಬಿಸಿಲಿನಲ್ಲಿ ಅತಿನೇರಳೆ ಕಿರಣಗಳ ಪ್ರಮಾಣ ಹೆಚ್ಚು.

ವಿಶ್ವ ಆರೋಗ್ಯ ಸಂಸ್ಥೆ ಈ ಕಿರಣಗಳ ತೀವ್ರತೆಯನ್ನು ಹೇಳಲು ಒಂದು ಸೂಚ್ಯಂಕವನ್ನು ಬಳಸುತ್ತದೆ. 2ರವರೆಗೆ ಕಡಿಮೆ, 3ರಿಂದ ರಕ್ಷಣೆ ಬೇಕು, 8ರಿಂದ 10 ಬಹಳ ಹೆಚ್ಚು, 11 ಮತ್ತು ಅದಕ್ಕೆ ಮೇಲ್ಪಟ್ಟದ್ದು ಅತಿರೇಕ. ದಕ್ಷಿಣ ಭಾರತದಲ್ಲಿ ಬೇಸಿಗೆಯ ಸ್ವಚ್ಛ ಆಕಾಶದ ನಡುಹಗಲು ಈ ಕೊನೆಯ ವರ್ಗಕ್ಕೆ ಸೇರುವುದು ಸಾಮಾನ್ಯ.

ಕಡಲತೀರದಲ್ಲಿ ಇದಕ್ಕೆ ಮತ್ತೆರಡು ಸಂಗತಿ ಸೇರುತ್ತವೆ. ಒಣ ಮರಳು ತನ್ನ ಮೇಲೆ ಬಿದ್ದ ಅತಿನೇರಳೆ ಕಿರಣಗಳಲ್ಲಿ ಸುಮಾರು ಶೇಕಡಾ 15ನ್ನು, ಕಡಲಿನ ನೊರೆ ಸುಮಾರು ಶೇಕಡಾ 25ನ್ನು ಹಿಂದಕ್ಕೆ ಎರಚುತ್ತವೆ. ಟೋಪಿ ಇಟ್ಟವರ ಮುಖಕ್ಕೂ ಕಿರಣ ಕೆಳಗಿನಿಂದ ತಾಗುತ್ತದೆ. ಎರಡನೆಯದು ನಮ್ಮ ಕಡಲಗಾಳಿ. ಹೊತ್ತೇರುತ್ತಿದ್ದಂತೆ ಬೀಸತೊಡಗುವ ಈ ಗಾಳಿ ಮೈಯನ್ನು ತಂಪಾಗಿಸುತ್ತದೆ, ಕಿರಣವನ್ನು ತಡೆಯುವುದಿಲ್ಲ. ಅತಿನೇರಳೆ ಕಿರಣಕ್ಕೆ ತನ್ನದೆಂಬ ಬಿಸಿಯಿಲ್ಲ. ಬಿಸಿಲಿನ ಶಾಖ ಬೇರೆ ಕಿರಣಗಳದು. ಒಳನಾಡಿನಲ್ಲಿ ಸೆಖೆಯೇ ಜನರನ್ನು ನೆರಳಿಗೆ ಓಡಿಸುತ್ತದೆ. ಇಲ್ಲಿ ಗಾಳಿ ಆ ಎಚ್ಚರಿಕೆಯನ್ನೇ ತೆಗೆದುಬಿಡುತ್ತದೆ. ನೆರೆಯ ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ನದಿ, ನಡುವೆ ಹೆದ್ದಾರಿ. ಅದನ್ನು ನೋಡಲೆಂದು ಘಟ್ಟದ ಮೇಲಿನಿಂದ ಬರುವ ಕುಟುಂಬಗಳು ಹನ್ನೊಂದರಿಂದ ಮೂರರವರೆಗೆ ಮಕ್ಕಳನ್ನು ನೀರಿನಲ್ಲಿ ಆಡಲು ಬಿಡುವುದು ಈ ತಂಪನ್ನು ನಂಬಿಯೇ. ಅರ್ಧ ಮೀಟರ್ ಆಳದ ನೀರಿನಲ್ಲೂ ಮೇಲಿನ ಕಿರಣಗಳ ಸುಮಾರು ಶೇಕಡಾ 40 ಇರುತ್ತದೆ ಎಂಬುದು ಅವರಿಗೆ ತಿಳಿದಿರುವುದಿಲ್ಲ.

ಮೋಡವನ್ನು ನಂಬುವಂತೆಯೂ ಇಲ್ಲ. ತೆಳುಮೋಡ ಈ ಕಿರಣಗಳ ಬಹುಪಾಲನ್ನು ಒಳಗೆ ಬಿಡುತ್ತದೆ. ಸೂರ್ಯ ಎರಡನೆಯ ಸಲ ನೆತ್ತಿಗೆ ಬರುವ ಆಗಸ್ಟ್ ನಮಗೆ ಮಳೆಗಾಲ, ಗದ್ದೆಯಲ್ಲಿ ಕಳೆ ಕೀಳುವ ಕಾಲ. ಮಳೆ ಬಿಟ್ಟು ಹೊಳವಾದ ಮಧ್ಯಾಹ್ನದ ಬಿಸಿಲು ಏಪ್ರಿಲಿನ ಬಿಸಿಲಿಗಿಂತ ಸೌಮ್ಯವೆಂದು ತೋರಿದರೂ ಅದು ಹಾಗಿರಬೇಕಾಗಿಲ್ಲ.

ಗಡಿಯಾರದ ಒಂದು ವಿವರವನ್ನೂ ಇಲ್ಲಿ ಹೇಳಬೇಕು. ಭಾರತದ ಸಮಯವನ್ನು 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ನಿಗದಿಮಾಡಿದ್ದಾರೆ. ನಾವು ಅದರಿಂದ ಸುಮಾರು 8 ಡಿಗ್ರಿ ಪಶ್ಚಿಮದಲ್ಲಿದ್ದೇವೆ. ಹಾಗಾಗಿ ಇಲ್ಲಿ ಸೂರ್ಯ ಅತಿ ಎತ್ತರದಲ್ಲಿರುವುದು ಹನ್ನೆರಡಕ್ಕಲ್ಲ, ಸುಮಾರು ಹನ್ನೆರಡೂವರೆಗೆ. ಋತುವಿಗೆ ತಕ್ಕಂತೆ ಅದು ಕಾಲು ಗಂಟೆ ಹಿಂದೆ ಮುಂದೆ ಆಗುತ್ತದೆ. ನಮ್ಮಲ್ಲಿ ಎರಡು ಗಂಟೆಯ ಬಿಸಿಲು ಹನ್ನೊಂದರ ಬಿಸಿಲಿನಷ್ಟೇ ಕಟು. ಗಡಿಯಾರ ನೋಡದೆಯೂ ತಿಳಿಯುವ ನಿಯಮವೊಂದಿದೆ. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಅದು ನೆರಳಿಗೆ ಸೇರಬೇಕಾದ ಹೊತ್ತು. ಶಾಲೆಯ ಮಗುವೂ ಇದನ್ನು ಬಳಸಬಹುದು, ದೋಣಿಯ ಮೇಲಿನವನೂ ಬಳಸಬಹುದು.

2. ಬೆಳಕು ಚರ್ಮದಲ್ಲಿ ಮಾಡುವುದು

ನೆಲ ಮುಟ್ಟುವ ಅತಿನೇರಳೆ ಕಿರಣಗಳಲ್ಲಿ ಎರಡು ಬಗೆ. ಯುವಿ-ಬಿ ಎಂಬುದು ಚರ್ಮದ ಮೇಲ್ಪದರದಲ್ಲಿ ಹೀರಲ್ಪಟ್ಟು ಜೀವಕೋಶದ ಡಿಎನ್‌ಎಗೆ ನೇರ ಪೆಟ್ಟು ಕೊಡುತ್ತದೆ. ಅಕ್ಕಪಕ್ಕದ ಎರಡು ಕೊಂಡಿಗಳು ಒಂದಕ್ಕೊಂದು ತಪ್ಪಾಗಿ ಬೆಸೆದುಕೊಳ್ಳುತ್ತವೆ. ಯುವಿ-ಎ ಆಳಕ್ಕಿಳಿಯುತ್ತದೆ, ಚರ್ಮದ ಬಿಗಿಯನ್ನು ಹಿಡಿದಿಡುವ ನಾರುಗಳನ್ನು ಸಡಿಲಿಸುತ್ತದೆ, ಕಲೆ ಮತ್ತು ಸುಕ್ಕುಗಳನ್ನು ತರುತ್ತದೆ. ಕಿಟಕಿಯ ಗಾಜು ಯುವಿ-ಬಿಯನ್ನು ತಡೆಯುತ್ತದೆ, ಯುವಿ-ಎಯ ಬಹುಭಾಗವನ್ನು ಒಳಬಿಡುತ್ತದೆ. ಹೆದ್ದಾರಿಯಲ್ಲಿ ಹಗಲಿಡೀ ಬಸ್ಸು, ಲಾರಿ ಓಡಿಸುವವರ ಬಲಗೈ ಎಡಗೈಗಿಂತ ಕಪ್ಪಾಗಿರುವುದಕ್ಕೆ ತೆರೆದ ಕಿಟಕಿಯ ಜೊತೆಗೆ ಇದೂ ಒಂದು ಕಾರಣ.

ದೇಹ ಈ ಪೆಟ್ಟುಗಳನ್ನು ಸುಮ್ಮನೆ ಸಹಿಸುವುದಿಲ್ಲ. ಬೆಸೆದುಕೊಂಡ ತುಂಡನ್ನು ಕತ್ತರಿಸಿ ತೆಗೆದು, ಸರಿಯಾದುದನ್ನು ಜೋಡಿಸುವ ವ್ಯವಸ್ಥೆ ಪ್ರತಿ ಜೀವಕೋಶದಲ್ಲೂ ಇದೆ. ಡಿಎನ್‌ಎ ದುರಸ್ತಿಯ ಈ ಬಗೆಗಳನ್ನು ವಿವರಿಸಿದ ತೋಮಸ್ ಲಿಂಡಾಲ್, ಪಾಲ್ ಮಾಡ್ರಿಚ್, ಅಜೀಜ್ ಸಂಜಾರ್ ಅವರಿಗೆ 2015ರ ರಸಾಯನಶಾಸ್ತ್ರದ ನೊಬೆಲ್ ದೊರೆಯಿತು. ಆದರೆ ಪೆಟ್ಟು ದುರಸ್ತಿಯನ್ನು ಮೀರಿದಾಗ ದೋಷ ಉಳಿದುಬಿಡುತ್ತದೆ. ಅಂಥ ದೋಷಗಳು ದಶಕಗಳ ಕಾಲ ಒಂದರ ಮೇಲೊಂದು ಸೇರಿದಾಗ ಜೀವಕೋಶ ಹಿಡಿತ ತಪ್ಪಿ ಬೆಳೆಯತೊಡಗಬಹುದು. ಇಪ್ಪತ್ತರ ವಯಸ್ಸಿನ ಬಿಸಿಲಿನ ಲೆಕ್ಕ ಅರವತ್ತರಲ್ಲಿ ಎದುರಾಗುವುದು ಹೀಗೆ. ಬಾಲ್ಯದಿಂದಲೇ ಎಚ್ಚರ ಬೇಕೆನ್ನುವುದಕ್ಕೆ ಇದೇ ಕಾರಣ.

ಈ ತಿಳಿವಳಿಕೆಯ ಚರಿತ್ರೆ ನಮ್ಮಂಥ ಊರಿಗೆ ಹತ್ತಿರದ್ದು. ಬಿಸಿಲಿಗೂ ಚರ್ಮದ ಕ್ಯಾನ್ಸರಿಗೂ ಇರುವ ನಂಟನ್ನು 19ನೆಯ ಶತಮಾನದ ಕೊನೆಯಲ್ಲಿ ಮೊದಲು ಗುರುತಿಸಿದವರಲ್ಲಿ ಒಬ್ಬರು ಹ್ಯಾಂಬರ್ಗ್ ಬಂದರಿನ ವೈದ್ಯ ಪಾಲ್ ಗೆರ್ಸನ್ ಉನ್ನಾ. ಅವರು ಕಂಡದ್ದು ನಾವಿಕರ ಮುಖ, ಕುತ್ತಿಗೆ, ಕೈಗಳನ್ನು. ಫ್ರಾನ್ಸಿನ ಬೋರ್ಡೊದಲ್ಲಿ ದ್ಯುಬ್ರೈ ಎಂಬ ವೈದ್ಯರು ದ್ರಾಕ್ಷಿತೋಟದ ಆಳುಗಳಲ್ಲಿ ಇದನ್ನೇ ಕಂಡರು. 1928ರಲ್ಲಿ ಜಾರ್ಜ್ ಫಿಂಡ್ಲೆ ಅತಿನೇರಳೆ ಬೆಳಕಿನಿಂದ ಇಲಿಗಳಲ್ಲಿ ಚರ್ಮದ ಕ್ಯಾನ್ಸರ್ ಹುಟ್ಟುವುದನ್ನು ತೋರಿಸಿದರು. 1992ರಲ್ಲಿ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಸೂರ್ಯನ ವಿಕಿರಣವನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದ ಕಾರಣಗಳ ಪಟ್ಟಿಗೆ ಸೇರಿಸಿತು. ಕಡಲಿನಲ್ಲಿ ದುಡಿಯುವವನೂ ಹೊಲದಲ್ಲಿ ದುಡಿಯುವವನೂ ಈ ವಿಜ್ಞಾನದ ಮೊದಲ ಸಾಕ್ಷಿಗಳು. ಈ ಕಾಯಿಲೆಯನ್ನು ರಜೆಯಲ್ಲಿ ಕಡಲತೀರಕ್ಕೆ ಹೋಗಿ ಮೈಯೊಡ್ಡಿ ಮಲಗುವವರದೆಂದು ತಿಳಿಯತೊಡಗಿದ್ದು ಆಮೇಲೆ.

3. ನಮ್ಮ ಬಣ್ಣದ ರಕ್ಷಣೆ ಮತ್ತು ಅದರ ಮಿತಿ

ನಮ್ಮ ಚರ್ಮದಲ್ಲಿರುವ ಮೆಲನಿನ್ ಎಂಬ ವರ್ಣದ್ರವ್ಯ ಜೀವಕೋಶದ ಕೇಂದ್ರದ ಮೇಲೆ ಕೊಡೆ ಬಿಚ್ಚಿದಂತೆ ಹರಡಿಕೊಂಡು ಕಿರಣವನ್ನು ಹೀರುತ್ತದೆ. ಭಾರತದಲ್ಲಿ ಚರ್ಮದ ಕ್ಯಾನ್ಸರ್ ಒಟ್ಟು ಕ್ಯಾನ್ಸರ್‌ಗಳಲ್ಲಿ ಅತಿ ಸಣ್ಣ ಪಾಲಾಗಿರುವುದಕ್ಕೆ ಇದೇ ಮುಖ್ಯ ಕಾರಣ. ಆಸ್ಟ್ರೇಲಿಯಾದಲ್ಲಿ ಪ್ರತಿ ಮೂವರಲ್ಲಿ ಇಬ್ಬರಿಗೆ 70 ವರ್ಷದೊಳಗೆ ಯಾವುದಾದರೊಂದು ಬಗೆಯ ಚರ್ಮದ ಕ್ಯಾನ್ಸರ್ ಪತ್ತೆಯಾಗುತ್ತದೆ ಎಂಬ ಲೆಕ್ಕವನ್ನು ತಂದು ನಮ್ಮ ತಾಯಂದಿರನ್ನು ಹೆದರಿಸುವುದು ಸರಿಯಲ್ಲ. ಅದು ತೆಳುಬಣ್ಣದ ಜನ ಉಗ್ರ ಬಿಸಿಲಿನ ನೆಲದಲ್ಲಿ ನೆಲೆಸಿದ್ದರ ಪರಿಣಾಮ. ನಮ್ಮ ಕರಾವಳಿಯಲ್ಲಿ ತಂಬಾಕು ಮತ್ತು ಎಲೆಯಡಿಕೆಯಿಂದ ಬರುವ ಬಾಯಿಯ ಕ್ಯಾನ್ಸರ್ ಬಿಸಿಲಿನದಕ್ಕಿಂತ ಎಷ್ಟೋ ದೊಡ್ಡ ಅಪಾಯ. ಅಪಾಯದ ಅಳತೆಯನ್ನು ಇದ್ದಷ್ಟೇ ಹೇಳುವುದು ಆರೋಗ್ಯದ ಮಾತಾಡುವವರ ಮೊದಲ ಧರ್ಮ.

ಆದರೆ ಕಡಿಮೆ ಎಂಬುದನ್ನು ಇಲ್ಲವೆಂದು ಓದಿದಲ್ಲಿ ತೊಂದರೆ ಶುರುವಾಗುತ್ತದೆ. ಅತಿ ಕಪ್ಪು ಚರ್ಮದ ಮೆಲನಿನ್ ಕೊಡುವ ರಕ್ಷಣೆಯೂ ಸಾಧಾರಣ ಸನ್‌ಸ್ಕ್ರೀನಿನ ಮಟ್ಟದ್ದು ಎಂದು 1970ರ ದಶಕದ ಅಳತೆಗಳೇ ತೋರಿಸಿವೆ. ಕಂದು ಚರ್ಮಕ್ಕೆ ಅದಕ್ಕಿಂತ ಕಡಿಮೆ. ನಮಗೆ ಬರುವುದಿಲ್ಲವೆಂದು ರೋಗಿ ನಂಬಿರುತ್ತಾರೆ, ವಿರಳವೆಂದು ಕೆಲವೊಮ್ಮೆ ವೈದ್ಯರೂ ಅನುಮಾನಿಸುವುದಿಲ್ಲ. ಪತ್ತೆಯಾಗುವ ಹೊತ್ತಿಗೆ ರೋಗ ಮುಂದುವರಿದಿರುತ್ತದೆ. ಮೆಲನಿನ್ ತಯಾರಿಸುವ ಜೀವಕೋಶಗಳ ಕ್ಯಾನ್ಸರಾದ ಮೆಲನೋಮಾ ಕಪ್ಪು ಮತ್ತು ಕಂದು ಚರ್ಮದವರಲ್ಲಿ ಅಪರೂಪವಾದರೂ ಬಂದವರಲ್ಲಿ ಬದುಕುಳಿಯುವ ಪ್ರಮಾಣ ಕಡಿಮೆಯಾಗಿರುವುದಕ್ಕೆ ಈ ತಡವೇ ದೊಡ್ಡ ಕಾರಣ.

ನಮ್ಮಲ್ಲಿ ಈ ರೋಗ ಬರುವ ಜಾಗಗಳೂ ಬೇರೆ. ಮೆಲನೋಮಾ ಬಿಸಿಲು ಕಾಣದ ಅಂಗಾಲಿನಲ್ಲಿ, ಅಂಗೈಯಲ್ಲಿ, ಉಗುರಿನ ಕೆಳಗೆ ಹೆಚ್ಚಾಗಿ ತೋರುತ್ತದೆ. ಜಮೈಕಾದ ಗಾಯಕ ಬಾಬ್ ಮಾರ್ಲಿ 1981ರಲ್ಲಿ, 36ರ ವಯಸ್ಸಿನಲ್ಲಿ ತೀರಿಕೊಂಡದ್ದು ಕಾಲ್ಬೆರಳಿನ ಉಗುರಿನಡಿ ಹುಟ್ಟಿದ ಇಂಥ ಮೆಲನೋಮಾದಿಂದ. ಚರ್ಮದ ಮೇಲ್ಪದರದ ಸ್ಕ್ವಾಮಸ್ ಸೆಲ್ ಕ್ಯಾನ್ಸರ್ ಬಿಸಿಲಿನ ಜಾಗಗಳಲ್ಲದೆ ಹಳೆಯ ಸುಟ್ಟಗಾಯದ ಕಲೆಯಲ್ಲಿ, ವರ್ಷಗಟ್ಟಲೆ ಮಾಯದ ಕಾಲಿನ ಹುಣ್ಣಿನಲ್ಲಿ ಹುಟ್ಟುತ್ತದೆ. ಕಾಶ್ಮೀರದಲ್ಲಿ ಚಳಿಗೆ ಹೊಟ್ಟೆಯ ಬಳಿ ಇಟ್ಟುಕೊಳ್ಳುವ ಕಾಂಗ್ರಿ ಎಂಬ ಕೆಂಡದ ಕುಡಿಕೆಯಿಂದ ಬರುವ ಕ್ಯಾನ್ಸರ್ ವೈದ್ಯಶಾಸ್ತ್ರದಲ್ಲಿ ಅದರ ಹೆಸರಿನಿಂದಲೇ ದಾಖಲಾಗಿದೆ. ಧೋತರವನ್ನು ಸೊಂಟಕ್ಕೆ ಬಿಗಿದು ಕಟ್ಟುವುದರಿಂದ ಬರುವ ಕ್ಯಾನ್ಸರನ್ನು ಮುಂಬಯಿಯ ಖಾನೋಳ್ಕರ್ ಮತ್ತು ಅವರ ಸಹೋದ್ಯೋಗಿ 1945ರಲ್ಲಿ ವಿವರಿಸಿದರು. 2024ರಲ್ಲಿ ಮಹಾರಾಷ್ಟ್ರ ಮತ್ತು ಬಿಹಾರದ ವೈದ್ಯರು ಸೀರೆಯೊಳಗಿನ ಲಂಗದ ಲಾಡಿ ಬಿಗಿದ ಜಾಗದಲ್ಲಿ ಹುಣ್ಣಾಗಿ ಕ್ಯಾನ್ಸರಿಗೆ ತಿರುಗಿದ ಇಬ್ಬರು ಮಹಿಳೆಯರ ವಿವರ ಪ್ರಕಟಿಸಿದರು. ಮನೆಯವರ ಚರ್ಮ ಕಾಯುವುದೆಂದರೆ ಬಿಸಿಲಿನಿಂದ ಕಾಯುವುದಷ್ಟೇ ಎಂದು ಪಶ್ಚಿಮದ ಪುಸ್ತಕ ಹೇಳಬಹುದು. ಭಾರತೀಯ ಅನುಭವ ಇನ್ನೊಂದು ಮಾತನ್ನು ಸೇರಿಸುತ್ತದೆ: ಮಾಯದ ಗಾಯವನ್ನು ಕಡೆಗಣಿಸಬಾರದು.

4. ರಕ್ಷಣೆಯಿಲ್ಲದೆ ಹುಟ್ಟಿದವರು

ಬಂಧುಗಳೆ, ಈ ಉಪನ್ಯಾಸದಲ್ಲಿ ಒಂದೇ ಭಾಗ ನೆನಪಿನಲ್ಲಿ ಉಳಿಯುವುದಾದರೆ ಅದು ಇದಾಗಲಿ ಎಂಬುದು ನನ್ನ ಆಸೆ. ನಮ್ಮ ನಡುವೆ ಮೆಲನಿನ್ನಿನ ರಕ್ಷಣೆ ಇಲ್ಲದೆಯೇ, ಅಥವಾ ತೀರಾ ಕಡಿಮೆ ಇದ್ದು, ಹುಟ್ಟುವ ಮಕ್ಕಳಿದ್ದಾರೆ. ಹುಟ್ಟಿನಿಂದಲೇ ಕೂದಲು, ರೆಪ್ಪೆ, ಚರ್ಮವೆಲ್ಲ ಬಿಳಿಯಾಗಿರುವ ಆಲ್ಬಿನಿಸಂ ಇರುವವರು ಅವರು. ಅವರ ಮೇಲೆ ಮೂಢನಂಬಿಕೆಯ ಭಾರ ಬೇರೆ. ಆಫ್ರಿಕಾದ ಉಷ್ಣವಲಯದಲ್ಲಿ ಇಂಥವರು ಚಿಕ್ಕ ವಯಸ್ಸಿನಲ್ಲೇ ಚರ್ಮದ ಕ್ಯಾನ್ಸರಿಗೆ ತುತ್ತಾಗುವುದು ದೊಡ್ಡ ದುರಂತ. ಟಾಂಜಾನಿಯಾದ ಮೋಶಿಯಲ್ಲಿರುವ ಚರ್ಮರೋಗ ತರಬೇತಿ ಕೇಂದ್ರದಲ್ಲಿ ಅವರಿಗಾಗಿಯೇ ಸನ್‌ಸ್ಕ್ರೀನ್ ತಯಾರಿಸಿ ಹಂಚುವ ಕೆಲಸ ಬೆಳೆದು ಬಂದಿದೆ. ಅಲ್ಲಿ ಅದು ಸೌಂದರ್ಯವರ್ಧಕವಲ್ಲ, ಔಷಧಿ. ವಿಶ್ವಸಂಸ್ಥೆ ಜೂನ್ 13ನ್ನು ಆಲ್ಬಿನಿಸಂ ಜಾಗೃತಿಯ ದಿನವಾಗಿ ಆಚರಿಸುತ್ತಿದೆ.

ಇನ್ನೂ ಅಪರೂಪವಾದದ್ದು ಜೆರೋಡರ್ಮಾ ಪಿಗ್ಮೆಂಟೋಸಮ್. ಆಗ ಹೇಳಿದ ಡಿಎನ್‌ಎ ದುರಸ್ತಿಯ ಶಕ್ತಿಯೇ ಈ ಮಕ್ಕಳಲ್ಲಿ ಇರುವುದಿಲ್ಲ ಎಂಬುದನ್ನು 1968ರಲ್ಲಿ ಜೇಮ್ಸ್ ಕ್ಲೀವರ್ ತೋರಿಸಿದರು. ಸ್ವಲ್ಪ ಬಿಸಿಲಿಗೂ ಮುಖದ ತುಂಬ ಕಂದು ಚುಕ್ಕೆಗಳು, ಬೆಳಕಿಗೆ ಕಣ್ಣು ಬಿಡಲಾಗದ ಸಂಕಟ, ಬಾಲ್ಯದಲ್ಲೇ ಕ್ಯಾನ್ಸರ್. ತಂದೆತಾಯಿ ಇಬ್ಬರಿಂದಲೂ ದೋಷದ ಜೀನ್ ಬಂದಾಗ ಮಾತ್ರ ಕಾಣಿಸಿಕೊಳ್ಳುವ ಈ ರೋಗಕ್ಕೂ ಆಲ್ಬಿನಿಸಂಗೂ ರಕ್ತಸಂಬಂಧದ ಮದುವೆಗಳಲ್ಲಿ ಸಾಧ್ಯತೆ ಹೆಚ್ಚು. ಸೋದರಿಕೆಯ ಸಂಬಂಧ ನಮ್ಮ ಕಡೆ ಹಳೆಯ ರೂಢಿ. ಈ ಮಾತನ್ನು ಯಾರನ್ನೂ ದೂಷಿಸಲು ಹೇಳುತ್ತಿಲ್ಲ, ಮುಂದಿನ ಸಂಬಂಧಗಳನ್ನು ಕೂಡಿಸುವ ಮುನ್ನ ಹಿರಿಯರು ಯೋಚಿಸಲಿ ಎಂದು ಹೇಳುತ್ತಿದ್ದೇನೆ.

ಇಂಥ ಮಗುವಿರುವ ಮನೆಗೆ ಪೂರ್ಣ ತೋಳಿನ ಬಟ್ಟೆ, ಅಗಲ ಅಂಚಿನ ಟೋಪಿ, ಕಣ್ಣಿಗೆ ಕಪ್ಪು ಕನ್ನಡಕ, ದಿನವೂ ಸನ್‌ಸ್ಕ್ರೀನ್ ಬೇಕೇಬೇಕು. ವರ್ಷಕ್ಕೆ ಎರಡು ಸಲವಾದರೂ ಚರ್ಮತಜ್ಞರು ಮೈಯೆಲ್ಲ ನೋಡಬೇಕು. ಆಲ್ಬಿನಿಸಂನಲ್ಲಿ ದೃಷ್ಟಿಯೂ ಮಂದ. ಆ ಮಗುವನ್ನು ತರಗತಿಯ ಮುಂದಿನ ಸಾಲಿನಲ್ಲಿ, ಬಿಸಿಲು ಬೀಳುವ ಕಿಟಕಿಯಿಂದ ದೂರ ಕೂರಿಸುವುದು ಶಿಕ್ಷಕರ ಕೈಯಲ್ಲೇ ಇರುವ ಚಿಕಿತ್ಸೆ. ತೊನ್ನು ಇರುವವರ ಬಿಳಿ ಕಲೆಗಳು ಬೇಗ ಸುಡುತ್ತವೆ, ಅಲ್ಲಿಗೂ ಮರೆ ಬೇಕು. ಮೂತ್ರಪಿಂಡ ಕಸಿ ಮಾಡಿಸಿಕೊಂಡು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಚರ್ಮದ ಕ್ಯಾನ್ಸರಿನ ಅಪಾಯ ಹಲವು ಪಟ್ಟು ಏರುತ್ತದೆ.

ಮಾತ್ರೆಯ ಮಾತು ಬಂದಾಗ ನಮ್ಮ ಗದ್ದೆಗಳಿಗೆ ಸೇರಿದ ಒಂದು ವಿಷಯ. ಮಳೆಗಾಲದಲ್ಲಿ ಇಲಿಜ್ವರ ತಡೆಯಲು ಕೊಡುವ ಡಾಕ್ಸಿಸೈಕ್ಲಿನ್ ಚರ್ಮವನ್ನು ಬಿಸಿಲಿಗೆ ಬೇಗ ಸುಡುವಂತೆ ಮಾಡುತ್ತದೆ. ಮಾತ್ರೆ ಬಿಡುವುದು ಬೇಡ, ಇಲಿಜ್ವರ ಪ್ರಾಣ ತೆಗೆಯುವ ಕಾಯಿಲೆ. ಮಾತ್ರೆ ನುಂಗಿದ ದಿನಗಳಲ್ಲಿ ತೋಳು, ಕತ್ತು ಮುಚ್ಚಿಕೊಳ್ಳಬೇಕೆಂಬ ಮಾತನ್ನು ಆಶಾ ಕಾರ್ಯಕರ್ತೆಯರು ಮಾತ್ರೆಯ ಜೊತೆಗೇ ಹೇಳುವಂತಾಗಬೇಕು.

5. ದುಡಿಮೆಯ ಬಿಸಿಲು

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2023ರಲ್ಲಿ ಜಂಟಿಯಾಗಿ ಒಂದು ಅಂದಾಜು ಪ್ರಕಟಿಸಿದವು. ಮೆಲನೋಮಾ ಅಲ್ಲದ ಚರ್ಮದ ಕ್ಯಾನ್ಸರಿನಿಂದ ಆಗುವ ಸಾವುಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಂದಕ್ಕೆ ಹೊರಾಂಗಣದ ದುಡಿಮೆಯ ಬಿಸಿಲು ಕಾರಣ. 2019ರಲ್ಲಿ ಜಗತ್ತಿನಾದ್ಯಂತ 160 ಕೋಟಿ ಜನ ಕೆಲಸದಲ್ಲಿ ಈ ಕಿರಣಗಳಿಗೆ ಒಡ್ಡಿಕೊಂಡಿದ್ದರು. ಈ ಅಂದಾಜು ಚರ್ಮದ ರಕ್ಷಣೆಯನ್ನು ಸೌಂದರ್ಯದ ಕಪಾಟಿನಿಂದ ತೆಗೆದು ಕಾರ್ಮಿಕರ ಹಕ್ಕುಗಳ ಸಾಲಿನಲ್ಲಿ ಇಡುತ್ತದೆ.

ನಮ್ಮ ಊರುಗಳಲ್ಲಿ ಆ ಕಾರ್ಮಿಕರು ಯಾರು? ಗಂಗೊಳ್ಳಿ, ಮರವಂತೆ, ಕೊಡೇರಿಗಳಿಂದ ಕಡಲಿಗಿಳಿಯುವವರು. ನಾಡದೋಣಿಯವರು, ಕೈರಂಪಣಿ ಎಳೆಯುವವರು. ಮರಳಿನ ಮೇಲೆ ಮೀನು ಹರಡಿ, ಮಗುಚಿ ಒಣಗಿಸುವ ಹೆಂಗಸರು. ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುವವರು. ಗದ್ದೆಯ ಆಳುಗಳು, ಕಲ್ಲುಕೋರೆಯವರು, ರಸ್ತೆ ಮಾಡುವವರು. ಇವರಲ್ಲಿ ಬಿಸಿಲಿನ ಗುರುತು ಮೊದಲು ಕಾಣುವುದು ಕ್ಯಾನ್ಸರಿನ ರೂಪದಲ್ಲಲ್ಲ. ಕೆನ್ನೆಯ ಮೇಲಿನ ಬಂಗು, ಕತ್ತಿನ ಹಿಂದೆ ದಪ್ಪಗಟ್ಟಿ ಗೆರೆಬಿದ್ದ ಚರ್ಮ, ಒಡೆದು ಸಿಪ್ಪೆಯೇಳುವ ಕೆಳದುಟಿ, ಕಣ್ಣಿನ ಬಿಳಿಭಾಗದಿಂದ ಕರಿಗುಡ್ಡೆಯ ಮೇಲೆ ತೆವಳುವ ಮಾಂಸದ ಪೊರೆ, ಬೇಗ ಬರುವ ಕಣ್ಣಿನ ಪೊರೆ. ತುಟಿಯ ಒಡಕು ಎಷ್ಟು ಕಾಲವಾದರೂ ವಾಸಿಯಾಗದೆ ಗಟ್ಟಿಯಾದರೆ, ಅದರಲ್ಲೂ ತಂಬಾಕಿನ ಚಟವಿದ್ದರೆ, ತಡಮಾಡದೆ ತೋರಿಸಬೇಕು.

ಹಿಂದಿನವರು ಇದಕ್ಕೆ ಏನೂ ಮಾಡಿರಲಿಲ್ಲವೆಂದಲ್ಲ. ಅಡಿಕೆ ಹಾಳೆಯ ಟೊಪ್ಪಿ ಹಗುರ, ಗಾಳಿಗೆ ತಂಪು, ನೆತ್ತಿಗೆ ಪೂರ್ಣ ಮರೆ. ನೆಟ್ಟಿಯ ಹೆಂಗಸರ ಬೆನ್ನ ಮೇಲಿನ ಗೊರಬು ಮಳೆಗೆಂದು ಮಾಡಿದ್ದಾದರೂ ಬಾಗಿ ದುಡಿಯುವ ಬೆನ್ನಿಗೆ ನೆರಳೂ ಹೌದು. ಕೆಲಸದ ವೇಳೆಯೂ ಹಾಗೆ. ಬೆಳಗಿನ ತಂಪಿನಲ್ಲಿ ಗದ್ದೆಗಿಳಿದು, ನಡುಹಗಲು ಮನೆ ಸೇರಿ, ಇಳಿಹೊತ್ತಿಗೆ ಮತ್ತೆ ಹೊರಡುವ ಪದ್ಧತಿ ಯಾವ ವೈದ್ಯನ ಸಲಹೆಗೂ ಕಡಿಮೆಯದಲ್ಲ. ದಿನಗೂಲಿಯ ಒಂಬತ್ತರಿಂದ ಐದರ ಲೆಕ್ಕ ಬಂದ ಮೇಲೆ ಆ ವಿವೇಕ ಹಿಂದೆ ಸರಿಯಿತು. ತಲೆಗೆ ಸುತ್ತುವ ಬೈರಾಸು ಇಂದಿಗೂ ಉಳಿದಿದೆ, ಆದರೆ ಅದು ಕಿವಿ, ಕತ್ತು, ತುಟಿಗಳನ್ನು ಬಿಟ್ಟುಬಿಡುತ್ತದೆ. ಕ್ರಿಕೆಟ್ ಟೋಪಿಯೂ ಅಷ್ಟೇ. ಅದರ ಹಿಂಬದಿಗೆ ಒಂದು ತುಂಡು ಬಟ್ಟೆ ಹೊಲಿದರೆ ಕತ್ತಿಗೂ ಕಿವಿಗೂ ಮರೆಯಾದೀತು.

6. ಮನೆಯ ಕೈಯಲ್ಲಿರುವುದು

ಹಾಗಾದರೆ ಒಂದು ಕುಟುಂಬ ಏನು ಮಾಡಬಹುದು? ಮೊದಲನೆಯದು ವೇಳೆ. ರಜೆಯ ಮಕ್ಕಳ ಆಟ ಬೆಳಗಿನ ಹತ್ತರೊಳಗೆ, ಸಂಜೆ ನಾಲ್ಕರ ಮೇಲೆ. ಕೊಯ್ಲಾದ ಗದ್ದೆಯಲ್ಲಿ ಮಟಮಟ ಮಧ್ಯಾಹ್ನದ ಕ್ರಿಕೆಟ್ ಬೇಡ. ಎರಡನೆಯದು ಬಟ್ಟೆ. ಒತ್ತಾಗಿ ನೇಯ್ದ, ಗಾಢ ಬಣ್ಣದ, ಸಡಿಲವಾದ ಬಟ್ಟೆ ಒಳ್ಳೆಯದು. ತೆಳ್ಳನೆಯ ಬಿಳಿ ಹತ್ತಿಬಟ್ಟೆ ಒದ್ದೆಯಾದಾಗ ಕಿರಣವನ್ನು ಇನ್ನೂ ಹೆಚ್ಚಾಗಿ ಒಳಬಿಡುತ್ತದೆ. ಮೂರನೆಯದು ಕೊಡೆ. ಕಪ್ಪು ಬಟ್ಟೆಯ ಹಳೆಯ ಕೊಡೆಯಷ್ಟು ಅಗ್ಗದ ಒಳ್ಳೆಯ ರಕ್ಷಣೆ ಬೇರೆ ಇಲ್ಲ. ಗಂಡಸರು ಬಿಸಿಲಿಗೆ ಕೊಡೆ ಹಿಡಿಯಲು ನಾಚಿಕೊಳ್ಳುವುದನ್ನು ಬಿಡಬೇಕು. ಆರು ತಿಂಗಳೊಳಗಿನ ಕೂಸಿಗೆ ಕ್ರೀಮು ಹಚ್ಚುವ ಬದಲು ನೆರಳೂ ಬಟ್ಟೆಯೂ ಸಾಕು.

ಸನ್‌ಸ್ಕ್ರೀನ್ ಈ ಸಾಲಿನಲ್ಲಿ ಬರುವುದು ಇವುಗಳ ನಂತರವೇ, ನಾಲ್ಕನೆಯದಾಗಿ. ಅದು ಬೇಡವೆಂದು ಹೀಗೆ ಹೇಳುತ್ತಿಲ್ಲ, ಮೊದಲ ಮೂರರ ಜಾಗವನ್ನು ಅದು ತುಂಬಲಾರದು ಎಂಬುದು ಕಾರಣ. ಆಸ್ಟ್ರೇಲಿಯಾದ ನಂಬೂರ್ ಊರಿನಲ್ಲಿ 1992ರಿಂದ 1996ರವರೆಗೆ ನಡೆದ ಪ್ರಯೋಗದಲ್ಲಿ ದಿನವೂ ಹಚ್ಚಿದವರಲ್ಲಿ ಸ್ಕ್ವಾಮಸ್ ಕ್ಯಾನ್ಸರ್ ಸುಮಾರು ಶೇಕಡಾ 40ರಷ್ಟು ಕಡಿಮೆಯಾಯಿತು. ಅದು ತೆಳುಬಣ್ಣದವರ ಫಲಿತಾಂಶ, ನಮ್ಮ ಮೇಲೆ ಹಾಗೆಯೇ ಹೊದಿಸಬಾರದು. ನಮಗೆ ಅದು ಮುಖ್ಯವಾಗಿ ಬೇಕಾದದ್ದು ಈಗ ಹೇಳಿದ ರಕ್ಷಣೆಯಿಲ್ಲದವರಿಗೆ, ಬಂಗು ಇರುವವರಿಗೆ, ನೆರಳು ಸಿಗದ ಕೆಲಸದವರ ಮುಖ, ಕಿವಿ, ತುಟಿಗಳಿಗೆ. ಎಸ್‌ಪಿಎಫ್ ಎಂಬ ರಕ್ಷಣೆಯ ಅಂಕಿ 30 ಇರುವ ಕ್ರೀಮು ಯುವಿ-ಬಿಯ ಸುಮಾರು ಶೇಕಡಾ 97ನ್ನು ತಡೆಯುತ್ತದೆ, 50 ತಡೆಯುವುದು ಸುಮಾರು 98ನ್ನು. ಆ ಒಂದು ಅಂಶಕ್ಕಾಗಿ ದುಪ್ಪಟ್ಟು ಬೆಲೆ ಕೊಡುವುದಕ್ಕಿಂತ ಸಾಕಷ್ಟು ದಪ್ಪವಾಗಿ ಹಚ್ಚುವುದು, ಬೆವರಿದ ಮೇಲೆ ಅಥವಾ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚುವುದು ಮುಖ್ಯ. ತೆಂಗಿನೆಣ್ಣೆ ಚರ್ಮವನ್ನು ಮೆತ್ತಗಾಗಿಸುತ್ತದೆ, ಬಿಸಿಲಿಗೆ ಅದನ್ನು ನಂಬಲಾಗದು. ಲಿಂಬೆರಸ ಹಚ್ಚಿ ಬಿಸಿಲಿಗೆ ಹೋದರಂತೂ ಚರ್ಮ ಬೊಕ್ಕೆಯೆದ್ದು ಕಪ್ಪು ಕಲೆಯಾಗಬಹುದು.

ಐದನೆಯದು ನೋಡುವ ಅಭ್ಯಾಸ. ತಿಂಗಳಿಗೊಮ್ಮೆ ಸ್ನಾನದ ಹೊತ್ತಿನಲ್ಲಿ ಮುಖ, ಕಿವಿಯ ಹಿಂಭಾಗ, ಕೆಳದುಟಿ, ಸೊಂಟದ ಸುತ್ತ, ಅಂಗೈ, ಅಂಗಾಲು, ಬೆರಳ ಸಂದು, ಉಗುರುಗಳನ್ನು ನೋಡಿಕೊಳ್ಳಬೇಕು. ವಯಸ್ಸಾದವರ ಅಂಗಾಲನ್ನು ಮಕ್ಕಳು ನೋಡಬೇಕು. ಅಂಚು ಸೊಟ್ಟಗಿರುವ, ಎರಡು ಮೂರು ಬಣ್ಣವಿರುವ, 6 ಮಿಲಿಮೀಟರಿಗಿಂತ ದೊಡ್ಡದಾದ, ಇತ್ತೀಚೆಗೆ ಬೆಳೆದ ಮಚ್ಚೆ. ಉಗುರಿನ ಉದ್ದಕ್ಕೂ ಹೊಸದಾಗಿ ಮೂಡಿ ಬುಡದ ಚರ್ಮಕ್ಕೂ ಹರಡಿದ ಕಪ್ಪು ಪಟ್ಟಿ. ಮೂಗು, ರೆಪ್ಪೆಗಳ ಮೇಲೆ ಹೊಳಪಾಗಿ ಬೆಳೆದು ಆಗಾಗ ರಕ್ತ ಒಸರುವ ಕಪ್ಪು ಗಂಟು. ನಾಲ್ಕು ವಾರ ಕಳೆದರೂ ಮಾಯದ ಹುಣ್ಣು. ಇವುಗಳಲ್ಲಿ ಯಾವುದಿದ್ದರೂ ಮುಲಾಮು, ಹಸಿಮದ್ದು, ಸುಣ್ಣ ಎಂದು ಕಾಲ ಕಳೆಯಬಾರದು. ಕುಂದಾಪುರದ ಸರಕಾರಿ ಆಸ್ಪತ್ರೆಯಲ್ಲಿ ತೋರಿಸಬಹುದು, ಮಣಿಪಾಲದ ಚರ್ಮರೋಗ ವಿಭಾಗ ದೂರವೇನಲ್ಲ. ಚಿಕ್ಕದೊಂದು ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿಯಿಂದ ರೋಗ ಹರಡುತ್ತದೆ ಎಂಬ ಭಯ ಸುಳ್ಳು. ಬೇಗ ಕಂಡುಕೊಂಡ ಚರ್ಮದ ಕ್ಯಾನ್ಸರ್ ಹೆಚ್ಚಿನ ಸಂದರ್ಭಗಳಲ್ಲಿ ಒಂದು ಶಸ್ತ್ರಕ್ರಿಯೆಯಲ್ಲೇ ಮುಗಿಯುತ್ತದೆ.

7. ಬಣ್ಣದ ವ್ಯಾಪಾರ, ಸೂರ್ಯನ ಋಣ

ಎರಡು ಆಕ್ಷೇಪಗಳಿಗೆ ಉತ್ತರ ಕೊಡಬೇಕಾಗಿದೆ. ಇದೆಲ್ಲ ಬೆಳ್ಳಗಾಗುವ ಹಂಬಲವನ್ನೇ ಇನ್ನೊಂದು ಹೆಸರಿನಲ್ಲಿ ಬೆಳೆಸುವುದಲ್ಲವೆ ಎಂಬುದು ಒಂದು. ಅದು ನಿಜವಾದ ಆತಂಕ. ಬಿಳಿ ಬಣ್ಣದ ಆಸೆಗೆ ಮಾರುವ ಕೆಲವು ಕ್ರೀಮುಗಳಲ್ಲಿ ಸ್ಟೀರಾಯ್ಡ್, ಇನ್ನು ಕೆಲವದರಲ್ಲಿ ಪಾದರಸ ಇರುತ್ತದೆ. ಸ್ಟೀರಾಯ್ಡ್ ಚರ್ಮವನ್ನು ತೆಳುಗೊಳಿಸಿ ಬಿಸಿಲಿಗೆ ಇನ್ನಷ್ಟು ಒಡ್ಡುತ್ತದೆ. 2018ರಲ್ಲಿ ಕೇಂದ್ರ ಸರಕಾರ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ನಿಯಮ ಮಾಡಿತು. ನಮ್ಮ ಬಣ್ಣವೇ ನಮ್ಮ ಮೊದಲ ರಕ್ಷಣೆ ಎಂದು ಅರಿತವರು ಅದನ್ನು ಅಳಿಸಲು ಹಣ ಕೊಡುವುದಿಲ್ಲ. ಮಗಳಿಗೆ ಕೊಡೆ ಕೊಡುವಾಗ 'ಕಪ್ಪಾಗುತ್ತಿ' ಎನ್ನಬೇಡಿ, 'ಕಣ್ಣಿಗೂ ಚರ್ಮಕ್ಕೂ ಒಳ್ಳೆಯದು' ಎನ್ನಿ. ಮಗನಿಗೂ ಅದೇ ಕೊಡೆ ಕೊಡಿ.

ಇನ್ನೊಂದು ಆಕ್ಷೇಪ, ಸೂರ್ಯ ಆರೋಗ್ಯ ಕೊಡುವವನಲ್ಲವೆ ಎಂಬುದು. ಹೌದು. ತೊನ್ನಿಗೆ ಬಾವಂಚಿ ಹಚ್ಚಿ ಎಳೆಬಿಸಿಲಿಗೆ ಒಡ್ಡುವುದು ಆಯುರ್ವೇದಕ್ಕೆ ಬಹಳ ಹಿಂದೆಯೇ ತಿಳಿದಿತ್ತು. ಚರ್ಮದ ಕ್ಷಯಕ್ಕೆ ಬೆಳಕಿನ ಚಿಕಿತ್ಸೆ ಕೊಟ್ಟ ಡೆನ್ಮಾರ್ಕಿನ ನೀಲ್ಸ್ ಫಿನ್ಸನ್ ಅವರಿಗೆ 1903ರಲ್ಲಿ ನೊಬೆಲ್ ಬಂತು. ವಿಟಮಿನ್ ಡಿ ಹೆಚ್ಚಾಗಿ ಬಿಸಿಲಿನಿಂದಲೇ ಆಗುತ್ತದೆ, ಕಂದು ಚರ್ಮಕ್ಕೆ ಅದಕ್ಕೆ ಹೆಚ್ಚು ಹೊತ್ತು ಬೇಕು. ಇಲ್ಲಿರುವುದು ಹಂಚಿಕೆಯ ಸಮಸ್ಯೆ. ಮೀನು ಒಣಗಿಸುವವಳಿಗೆ ಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಬಿಸಿಲು ಸಿಗುತ್ತದೆ, ಕಚೇರಿಯಲ್ಲಿ ಕೂತವರಿಗೂ ಮನೆಯೊಳಗೇ ಇರುವ ಅಜ್ಜಿಗೂ ಸಾಲುವುದಿಲ್ಲ. ಆಸ್ಟ್ರೇಲಿಯಾದವರು ಸಹ ಈಗ ಎಲ್ಲರಿಗೂ ಒಂದೇ ಸಲಹೆ ಕೊಡುವುದಿಲ್ಲ. ಗಾಢ ಬಣ್ಣದವರು ಹೊರಗೆ ಹೆಚ್ಚು ಹೊತ್ತು ಇರಬೇಕೆಂದು 2024ರ ಅವರ ಹೇಳಿಕೆಯಲ್ಲಿದೆ. ಅಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳು ಇದನ್ನು ಗಮನಿಸಬೇಕು.

8. ನೆರಳು ಊರಿನ ಹೊಣೆ

ಕೊನೆಗೆ ನನ್ನ ಮುಖ್ಯ ವಾದಕ್ಕೆ ಬರುತ್ತೇನೆ. ನಡುಹಗಲು ಬಿಸಿಲಿಗೆ ಹೋಗಬೇಡಿ ಎಂಬ ಸಲಹೆ, ಹೋಗದಿದ್ದರೆ ಕೂಲಿ ಸಿಗದವರಿಗೆ ಯಾವ ಉಪಯೋಗಕ್ಕೂ ಬಾರದು. ಈ ಊರುಗಳಿಂದ ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರಿಗೆ ಗೊತ್ತಿದೆ: ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಯಲಿನಲ್ಲಿ ಕೆಲಸ ಮಾಡಿಸುವಂತಿಲ್ಲ. ಅದು ಶಾಖದ ಕಾರಣಕ್ಕೆ ಬಂದ ನಿಯಮ, ಆದರೆ ಚರ್ಮವನ್ನೂ ಕಾಯುತ್ತದೆ. ನಮ್ಮ 2005ರ ಉದ್ಯೋಗ ಖಾತರಿ ಕಾಯ್ದೆಯೂ ಕೆಲಸದ ಜಾಗದಲ್ಲಿ ಕುಡಿಯುವ ನೀರಿನ ಜೊತೆಗೆ ವಿಶ್ರಾಂತಿಗೆ ನೆರಳಿರಬೇಕೆಂದು ಬರೆಯಿತು. ನೆರಳು ದಯೆಯಲ್ಲ, ಹಕ್ಕು ಎಂಬ ತತ್ವವನ್ನು ಈ ದೇಶ ಆಗಲೇ ಒಪ್ಪಿಕೊಂಡಿದೆ. ಅದನ್ನು ಮೀನು ಒಣಗಿಸುವ ಅಂಗಳಕ್ಕೆ, ಬಂದರಿನ ಕಟ್ಟೆಗೆ, ರಸ್ತೆ ಕಾಮಗಾರಿಗೆ ವಿಸ್ತರಿಸಬೇಕು.

ರಾಷ್ಟ್ರೀಯ ಹೆದ್ದಾರಿ 66 ಅಗಲವಾದಾಗ ಅದರ ಅಂಚಿನ ಮರಗಳು ಹೋದವು. ಬಸ್ಸಿಗೆ ಕಾಯುವವರು ಬಯಲಿನಲ್ಲಿ ನಿಲ್ಲುತ್ತಿದ್ದಾರೆ. ಗಾಳಿಮರದ ತೆಳು ನೆರಳಿನಿಂದ ಈ ಕೊರತೆ ತುಂಬದು. ಹೊನ್ನೆ, ಹಲಸು, ಮಾವುಗಳಂಥ ದಟ್ಟ ಎಲೆಯ ಮರಗಳು ಬೇಕು, ಅವು ಬೆಳೆಯುವವರೆಗೆ ಚಪ್ಪರ ಬೇಕು. 1981ರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಅಂಗಿ ತೊಡಿ, ಕ್ರೀಮು ಹಚ್ಚಿ, ಟೋಪಿ ಇಡಿ ಎಂಬ ಪ್ರಚಾರ ಶುರುವಾಯಿತು. ಅದು ಬೇರೂರಿದ್ದು ಶಾಲೆಗಳು ಟೋಪಿಯಿಲ್ಲದ ಮಗುವನ್ನು ಬಯಲಿಗೆ ಬಿಡದಿದ್ದಾಗ, ಆಟದ ಮೈದಾನಗಳಲ್ಲಿ ನೆರಳು ಕಟ್ಟಿದಾಗ.

ಆದ್ದರಿಂದ ಈ ಸಭೆಯ ಮೂಲಕ ನನ್ನ ಬೇಡಿಕೆಗಳು ಸ್ಪಷ್ಟವಾಗಿವೆ. ಶಾಲೆಗಳು ಕ್ರೀಡಾಕೂಟವನ್ನೂ ಕವಾಯತನ್ನೂ ಬೆಳಗಿನ ಹತ್ತರೊಳಗೆ ಮುಗಿಸಲಿ, ಇಲ್ಲವೆ ಸಂಜೆಗೆ ಇಟ್ಟುಕೊಳ್ಳಲಿ. ಸಮವಸ್ತ್ರದ ಜೊತೆ ಅಗಲ ಅಂಚಿನ ಟೋಪಿಯೊಂದನ್ನು ಸೇರಿಸಲಿ. ಪಂಚಾಯತಿಗಳು ಬಸ್ಸು ನಿಲ್ದಾಣಕ್ಕೂ ಮೀನು ಒಣಗಿಸುವ ಜಾಗಕ್ಕೂ ನೆರಳಿನ ಲೆಕ್ಕವನ್ನು ತಮ್ಮ ವಾರ್ಷಿಕ ಯೋಜನೆಯಲ್ಲಿ ಬರೆಯಲಿ. ಮೀನುಗಾರರ ಸಂಘಗಳು ತಮ್ಮ ಸದಸ್ಯರಿಗೆ ಕತ್ತು ಮುಚ್ಚುವ ಟೋಪಿ ಒದಗಿಸಿ, ವರ್ಷಕ್ಕೊಮ್ಮೆ ಚರ್ಮ, ಬಾಯಿ, ಕಣ್ಣು ಮೂರನ್ನೂ ನೋಡುವ ಶಿಬಿರ ನಡೆಸಲಿ. ಯಾಂತ್ರೀಕೃತ ದೋಣಿಗಳು ದಡದಲ್ಲಿರುವ ಜೂನ್, ಜುಲೈ ತಿಂಗಳುಗಳು ಅದಕ್ಕೆ ತಕ್ಕ ಕಾಲ. ಆಲ್ಬಿನಿಸಂ ಇರುವ ಮಕ್ಕಳಿಗೆ ಸನ್‌ಸ್ಕ್ರೀನ್ ಸರಕಾರಿ ಆಸ್ಪತ್ರೆಯಲ್ಲಿ ಔಷಧಿಯಾಗಿ ಉಚಿತವಾಗಿ ಸಿಗಲಿ. ಇವುಗಳಲ್ಲಿ ಯಾವುದಕ್ಕೂ ಹೊಸ ವಿಜ್ಞಾನ ಬೇಕಾಗಿಲ್ಲ, ಹೆಚ್ಚಿನವಕ್ಕೆ ದೊಡ್ಡ ಹಣವೂ ಬೇಕಾಗಿಲ್ಲ. ದುಡಿಯುವವರ ಮೈಯೂ ಊರಿನ ಆಸ್ತಿ ಎಂದು ನಾವು ಒಪ್ಪಿಕೊಂಡರೆ ಈ ಬೇಸಿಗೆಯೊಳಗೇ ಕೆಲಸ ಶುರುಮಾಡಬಹುದು. ಶುರುಮಾಡೋಣ ಎಂದು ಕೇಳಿಕೊಳ್ಳುತ್ತೇನೆ.